ಗಾಳಿಬೀಡಿನ ಮಳೆ ಪುಸ್ತಕ

ಬೆಳಿಗ್ಗೆ ಎಂಟೂವರೆ. ಕೊಪ್ಪೆ ತಲೆಗೆಳೆದು
ಕಣದ ಮೂಲೆಯ ಮಾಪಕದಿಂದ ಕೊಳವೆ ಎತ್ತುತ್ತೇನೆ:
ನಾಲ್ಕು ಇಂಚು, ಹದಿನೇಳು ಸೆಂಟು.
ಕಕ್ಕಡ ತಿಂಗಳಿಗೆ ಇದೊಂದು ಮಳೆಯಲ್ಲ.
ಮೇಲಿನ ತೋಟದ ಅಪ್ಪಚ್ಚು ಫೋನು ಮಾಡಿ
ತನ್ನದು ನಾಲ್ಕೂ ಮೂವತ್ತು ಅನ್ನುತ್ತಾನೆ.
ಮಳೆಯಲ್ಲೂ ಅವನಿಗೆ ಹದಿಮೂರು ಸೆಂಟು ಜಾಸ್ತಿಯೇ ಬೇಕು.

ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇನ್ನೊಂದು ಲೆಕ್ಕವಿದೆ,
ನೀಲಿ ಟೋಪಿ ಹಾಕಿದ್ದ ಕಾಲದ್ದು.
ಅದಿಗ್ರಾತಿನ ಆಚೆ, ಎರಡು ದೇಶಗಳ ನಡುವೆ
ಯಾರದೂ ಅಲ್ಲದ ಒಂದು ಪಟ್ಟಿ ನೆಲ.
ನಮ್ಮ ತಡಿಯಂಡಮೋಳಿನ ನೆತ್ತಿಗೆ
ಇನ್ನೊಂದು ಅರ್ಧ ಬೆಟ್ಟ ಹೊರಿಸಿ
ತುದಿಯನ್ನು ಕತ್ತಿಯಿಂದ ಸವರಿ ಮಟ್ಟ ಮಾಡಿದ ಹಾಗೆ.
ಹತ್ತಿ ಮುಗಿಸಿದವನಿಗೆ ಅಲ್ಲಿ ಶಿಖರ ಸಿಗುವುದಿಲ್ಲ,
ಹೊಲ ಸಿಗುತ್ತದೆ. ಎತ್ತು, ಮರದ ನೇಗಿಲು,
ಸಾಸಿವೆಗಿಂತ ಸಣ್ಣದಾದ ಟೆಫ್ ಕಾಳು.
ನಡೆಯುತ್ತ ನಡೆಯುತ್ತ ನೆಲ ತಟ್ಟನೆ ಮುಗಿದು
ಕೆಳಗೆ
ಹಾರುವ ಹದ್ದಿನ ಬೆನ್ನು ಕಾಣುತ್ತದೆ.

ಹಗಲು ತುಟಿ ಸೀಳುವ ಬಿಸಿಲು,
ಮಾಗಿಯ ರಾತ್ರಿ ಬಕೆಟ್ಟಿನ ನೀರಿಗೆ ತೆಳ್ಳನೆ ಗಾಜು.
ಮಳೆಗಾಲ ಮಾತ್ರ ನಮ್ಮದೇ ತಿಂಗಳುಗಳಲ್ಲಿ.
ವರ್ಷಕ್ಕೆಲ್ಲ ಇಪ್ಪತ್ತೆರಡು ಇಂಚು,
ಗಾಳಿಬೀಡಿಗೆ ಅದು ಒಂದು ವಾರದ ಕೆಲಸ.

ದುರ್ಬೀನಿಗೆ ಹಸಿರು ಬಿದ್ದರೆ
ಅಲ್ಲೊಂದು ಇಗರ್ಜಿ ಅಂತ ನಕ್ಷೆಯಲ್ಲಿ ಗುರುತು ಹಾಕುತ್ತಿದ್ದೆವು:
ಕಲ್ಲಿನ ಗೋಡೆ, ಸುತ್ತ ಮುದಿ ಜುನಿಪರ್ ಮರಗಳು,
ಒಣ ಕೊಂಬೆ ಎತ್ತಿದರೂ ಪಾಪ.
ದೇವರಕಾಡು, ಅಂದೆ ನಾನು,
ಯಾರೂ ಕೇಳಿರಲಿಲ್ಲ.

ಲೆತೆಬ್ರಹಾನ್ ಎಂಬಾಕೆ ನಮ್ಮೆದುರೇ ಬೀಜ ಹುರಿದು,
ಹೊಗೆಯನ್ನು ಕೈಯಲ್ಲಿ ಬೀಸಿ ಮೂಗಿಗೆ ಕೊಟ್ಟು,
ಮೂರು ಸುತ್ತು ಕಾಫಿ ಬಗ್ಗಿಸುತ್ತಿದ್ದಳು.
ಮೂರನೆಯದು ಆಶೀರ್ವಾದ; ನಡುವೆ ಏಳಕೂಡದು.
ನಮ್ಮೂರಲ್ಲೂ ಬೆಳೀತೀವಿ ಅಂದದ್ದಕ್ಕೆ
'ಯಾರು ಕೊಟ್ಟರು?' ಅಂತ ಕೇಳಿದಳು.
ಒಬ್ಬ ಫಕೀರ, ಏಳು ಬೀಜ, ಮುಚ್ಚಿದ ಮುಷ್ಟಿ...
ದುಭಾಷಿಗೆ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ.
ಅವಳೂ ಆ ಕಾಡು ಕಂಡವಳಲ್ಲ. ತೆಂಕಣಕ್ಕೆ, ಬಹಳ ದೂರ,
ದೊಡ್ಡ ಮರಗಳಡಿ ಅದು ತಾನಾಗಿ ಹುಟ್ಟುತ್ತದಂತೆ,
ನೆಟ್ಟವರಿಲ್ಲ, ಕಪಾತು ಮಾಡುವವರಿಲ್ಲ.
ಅವಳಿಗೂ ಕಾಫಿ ಸಂತೆಯ ಸಾಮಾನು.

ಒಣ ತಿಂಗಳಲ್ಲಿ ಊರಿನ ಹೆಂಗಸರೆಲ್ಲ
ಇಳಿಜಾರಿಗೆ ಅಡ್ಡವಾಗಿ ಕಲ್ಲು ಪೇರಿಸುತ್ತಿದ್ದರು.
'ಕಟ್ಟದಿದ್ದರೆ ನಮ್ಮ ಹೊಲ ಈಜಿಪ್ಟಿಗೆ ಹೋಗುತ್ತದೆ.'
ನಾನು ನಕ್ಕಿದ್ದೆ.

ಹದಿನೆಂಟನೇ ಇಸವಿ, ಆಗಸ್ಟ್. ಆ ಪುಟದಲ್ಲಿ
ಅಂಕಿಯಿಲ್ಲ. 'ತುಂಬಿ ಚೆಲ್ಲಿದೆ' ಅಂತ ಮಾತ್ರ.
ಮೇಲಿನ ಬಾಣೆ ಮುನ್ನೂರು ಗಿಡಗಳ ಸಮೇತ
ಹೊಳೆಗೆ ನಡೆದುಹೋಯಿತು. ಗಿಡಗಳು
ಕೊನೆಯವರೆಗೂ ನಿಂತೇ ಇದ್ದವು, ಪರೇಡಿನ ಹಾಗೆ.
ಕಳೆ ತೆಗೆಯಲು ಬಂದ ಬೊಳ್ಳಿ ಕೇಳಿದಳು:
'ಗುಡ್ಡಕ್ಕೆ ನಡಿಯೋಕೆ ಕಲಿಸಿದ್ಯಾರು?'
ನಾನು ಮೇಲೆ ನೋಡಿದೆ. ಅಪ್ಪಚ್ಚುವಿನ ಹೋಂಸ್ಟೇ,
ಜೆಸಿಬಿ ಕೊರೆದ ಕೆಂಪು ದರೆ.

ಹೋದ ವರ್ಷ ಮಾಪಕ ಪರೀಕ್ಷಿಸಲು ಬಂದಿದ್ದ
ಹವಾಮಾನದ ಹುಡುಗಿ ಕಾಫಿ ಕುಡಿಯುತ್ತ ಹೇಳಿದಳು:
ಈ ಗಾಳಿ ತೆಂಕಣ ಸಮುದ್ರದ್ದು ಅಂಕಲ್, ಆಫ್ರಿಕದ
ಆ ಎತ್ತರದ ನೆಲದ ಗೋಡೆಗೆ ಬಡಿದು ಹೊರಳಿ
ಇಲ್ಲಿಗೆ ಬರುತ್ತೆ. ಗೋಡೆ ಇಲ್ಲದಿದ್ದರೆ ಇದರ ದಾರಿಯೇ ಬೇರೆ.

ಹದಿನಾಲ್ಕು ತಿಂಗಳು ಆ ಗೋಡೆಯ ಮೇಲೆ ನಿಂತು
ನಾನು ಗಡಿ ಕಾದಿದ್ದೆ.
ಎಲ್ಲೋ ಕೆಳಗೆ ಗಾಳಿ ಮಗ್ಗುಲು ಬದಲಿಸಿ
ರಜೆ ಚೀಟಿ ಇಲ್ಲದೆ
ನನಗಿಂತ ಮೊದಲೇ ಮನೆ ಸೇರುತ್ತಿತ್ತು.

ಆಮೇಲೆ ಅಲ್ಲಿ ಮತ್ತೆ ಯುದ್ಧವಾಯಿತು.
ಲೆತೆಬ್ರಹಾನಳ ಸುದ್ದಿ ಯಾರಲ್ಲಿ ಕೇಳಲಿ?

ಹೊಳವು ಕಂಡಾಗ ಬೊಳ್ಳಿಯೂ ನಾನೂ
ಉಳಿದ ಬಾಣೆಗೆ ಅಡ್ಡ ಕಲ್ಲು ಕೂರಿಸುತ್ತೇವೆ.
ಕೋಟೆ ಕಟ್ತಿದ್ದೀರಾ ಹವಾಲ್ದಾರ್ರೇ, ಅಂತಾನೆ ಅಪ್ಪಚ್ಚು.
ಇವತ್ತಿನ ಷರಾ ಕಾಲಮ್ಮಿನಲ್ಲಿ ಬರೆದೆ:
ಗಾಳಿ ಪಡುವಣದ್ದು. ಕಲ್ಲು ಇಪ್ಪತ್ತೊಂದು.
ಕಾಫಿ ಎರಡು ಸುತ್ತು;
ಮೂರನೆಯದಕ್ಕೆ ನೀರಿಡುವಷ್ಟರಲ್ಲಿ ಮಳೆ ಬಂತು.